ಬೆನ್ನು ಹಿಡಿಯದಂತೆ ಗಾಲ್ಫ್ ಸ್ವಿಂಗ್: ನಡುವಿನಿಂದ ಶುರು ಮಾಡಿ

ನಾನು ಗಾಲ್ಫ್ ಕಲಿಯಲು ಹೊರಟಾಗ ನನಗೆ 41 ವರ್ಷ. ಆರನೇ ವಾರ ಒಂದು ಸಂಜೆ ಡ್ರೈವಿಂಗ್ ರೇಂಜ್‌ನಲ್ಲಿ (ಹೊಡೆತ ಅಭ್ಯಾಸ ಮಾಡುವ ಮೈದಾನ) ಎರಡು ಬಕೆಟ್ ಚೆಂಡು ಖಾಲಿ ಮಾಡಿದೆ. ಸುಮಾರು 100 ಚೆಂಡು, ಮುಕ್ಕಾಲು ಪಾಲು ಡ್ರೈವರ್‌ನಲ್ಲೇ, ಅಂದರೆ ದೂರ ಹೊಡೆಯುವ ಅತಿ ಉದ್ದದ ಕ್ಲಬ್‌ನಲ್ಲಿ (ಕೋಲಿನಲ್ಲಿ). ಮಾರನೇ ದಿನ ಬೆಳಗ್ಗೆ ಸಾಕ್ಸ್ ಹಾಕಿಕೊಳ್ಳಲು ಬಗ್ಗಿದವನು ಮೇಲೇಳಲಾಗದೆ ಹಾಗೇ ನಿಂತೆ. ಹೆಂಡತಿ ಬಂದು ಸಾಕ್ಸ್ ಹಾಕಿದಳು. ಜೊತೆಗೆ ನಾಲ್ಕು ಮಾತನ್ನೂ ಆಡಿದಳು, ಅದನ್ನು ಇಲ್ಲಿ ಬರೆಯುವುದು ಬೇಡ.

ಮೂರು ವಾರ ಬಿಟ್ಟು ಮತ್ತೆ ಹೋದೆ. ನನ್ನ ಸ್ವಿಂಗ್ ನೋಡಿದ ಆಟಗಾರರ ಬ್ಯಾಗ್ ಹೊರುವ ಹಿರಿಯ ಕ್ಯಾಡಿಯೊಬ್ಬರು ಅಂದರು: "ಸಾರ್, ಎಲ್ಲಾ ಕೆಲ್ಸ ಕೈಯೇ ಮಾಡ್ತಿದೆ, ಸೊಂಟ ಸುಮ್ನೆ ನಿಂತಿದೆ. ಬೆನ್ನು ಹಿಡೀದೆ ಇನ್ನೇನಾಗತ್ತೆ?" ಆಮೇಲೆ ಕೋಚ್ ಹತ್ತಿರ, ಫಿಸಿಯೋಥೆರಪಿಸ್ಟ್ ಹತ್ತಿರ ನಾನು ಕಲಿತದ್ದೆಲ್ಲ ಆ ಒಂದು ಮಾತಿನ ವಿವರಣೆ ಅಷ್ಟೇ.

ದಿನವಿಡೀ ಕುರ್ಚಿಯಲ್ಲಿ ಕೂತು, ವಾರಕ್ಕೊಮ್ಮೆ ಆಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಎಡ–ಬಲ ಹೇಳಿದ್ದೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಈಗಾಗಲೇ ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ. ಲೇಖನ ಆಮೇಲೆ ಓದಿದರಾಯಿತು.

ಮೊದಲು ಮೈಯ ಲೆಕ್ಕ

ಕೆಳಬೆನ್ನಿನಲ್ಲಿ 5 ಮೂಳೆಗಳಿವೆ. ಅವುಗಳ ನಡುವಿನ ಕೀಲುಗಳು ಮುಂದೆ ಬಾಗಲು, ಹಿಂದೆ ಬಾಗಲು ಸರಿಯಾಗಿವೆ. ತಿರುಗಲು ಅಲ್ಲ. ಐದೂ ಸೇರಿ ಒಂದು ಕಡೆಗೆ ತಿರುಗುವುದು ಹೆಚ್ಚೆಂದರೆ 10–15 ಡಿಗ್ರಿ. ಅದರ ಮೇಲೆ, ಪಕ್ಕೆಲುಬು ಅಂಟಿಕೊಂಡಿರುವ ಮೇಲ್‌ಬೆನ್ನಿನಲ್ಲಿ 12 ಮೂಳೆಗಳಿವೆ. ಅಲ್ಲಿ ಇದರ ಎರಡರಷ್ಟಕ್ಕಿಂತ ಜಾಸ್ತಿ ತಿರುಗಬಹುದು. ಕೆಳಗೆ ತೊಡೆ ಸೊಂಟಕ್ಕೆ ಸೇರುವ ಕೀಲು ಇದೆ. ಅದು ಒರಳೊಳಗಿನ ಗುಂಡಿನ ಹಾಗೆ ಎಲ್ಲ ಕಡೆಗೂ ತಿರುಗುತ್ತದೆ.

ಪೂರ್ತಿ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ, ಭುಜ ಸುಮಾರು 90 ಡಿಗ್ರಿ ತಿರುಗಬೇಕು, ಸೊಂಟ ಸುಮಾರು 45. ಇದನ್ನು ತೊಡೆಯ ಕೀಲು ಮತ್ತು ಮೇಲ್‌ಬೆನ್ನು ಹಂಚಿಕೊಂಡರೆ ಏನೂ ತೊಂದರೆಯಿಲ್ಲ. ಆದರೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವವರಲ್ಲಿ ಈ ಎರಡೂ ಬಿಗಿದುಕೊಂಡಿರುತ್ತವೆ. ಆಗ ಕೆಲಸ ಬೀಳುವುದು ನಡುವೆ ಸಿಕ್ಕಿಕೊಂಡ ಕೆಳಬೆನ್ನಿನ ಮೇಲೆ. ಆಫೀಸಿನಲ್ಲಿ ಇಬ್ಬರು ರಜೆ ಹಾಕಿದರೆ ಮೂರನೆಯವನ ಗತಿ ಏನಾಗುತ್ತದೆ ಗೊತ್ತಲ್ಲ, ಹಾಗೆ. ಹವ್ಯಾಸಿ ಗಾಲ್ಫರ್‌ಗಳಿಗೆ ಅತಿ ಹೆಚ್ಚು ನೋವು ಬರುವ ಜಾಗಗಳಲ್ಲಿ ಕೆಳಬೆನ್ನು ಮುಂದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನು ಕೋರ್. ಅಂದರೆ ಹೊಟ್ಟೆಯ ಮೇಲೆ ಕಾಣುವ ಆರು ಗಂಟುಗಳು ಅಂತ ನಾನೂ ನಂಬಿದ್ದೆ. ಅದು ಪೂರ್ತಿ ನಡು: ಮುಂದೆ ಹೊಟ್ಟೆ, ಪಕ್ಕದ ಓರೆ ಸ್ನಾಯುಗಳು, ಹಿಂದೆ ಬೆನ್ನಿನ ಪಟ್ಟಿಗಳು, ಮೇಲೆ ಉಸಿರಾಟದ ವಪೆ, ಕೆಳಗೆ ಕಿಬ್ಬೊಟ್ಟೆಯ ತಳ. ನಾನು ಪಿರ್ರೆಯ ಸ್ನಾಯುಗಳನ್ನೂ ಇದಕ್ಕೇ ಸೇರಿಸುತ್ತೇನೆ. ಅವು ನಿದ್ದೆ ಮಾಡುತ್ತಿದ್ದರೆ ಉಳಿದವು ಎಷ್ಟು ದುಡಿದರೂ ಸಾಲದು.

ಈ ನಡು ಶಕ್ತಿ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಶಕ್ತಿಯನ್ನು ದಾಟಿಸುತ್ತದೆ. ಚಾಟಿ ಬೀಸುವವರನ್ನು ನೋಡಿ. ಹಿಡಿ ಸ್ವಲ್ಪವೇ ಆಡುತ್ತದೆ, ಆಮೇಲೆ ತಟ್ಟನೆ ನಿಲ್ಲುತ್ತದೆ. ಆ ವೇಗ ಹಗ್ಗದುದ್ದಕ್ಕೂ ಹರಿದು ತುದಿಯಲ್ಲಿ ಛಟೀರ್ ಅನ್ನುತ್ತದೆ. ಕ್ಲಬ್ಬನ್ನು ಚೆಂಡಿನ ಕಡೆ ಇಳಿಸುವ ಒಳ್ಳೆಯ ಡೌನ್‌ಸ್ವಿಂಗ್ ಕೂಡ ಹೀಗೇ. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ವೇಗ ಹಿಡಿದು ನಿಧಾನವಾಗುತ್ತದೆ, ಎದೆ ಅದನ್ನು ತೆಗೆದುಕೊಂಡು ತೋಳಿಗೆ ಕೊಡುತ್ತದೆ, ತೋಳು ಕ್ಲಬ್‌ಗೆ. ಸೊಂಟಕ್ಕೂ ಎದೆಗೂ ನಡುವಿನ ಭಾಗ ಸಡಿಲವಾಗಿದ್ದರೆ ವೇಗ ಅಲ್ಲೇ ಸೋರಿಹೋಗುತ್ತದೆ. ಸೋರಿದ್ದನ್ನು ತುಂಬಿಕೊಳ್ಳಲು ಕೈ ಜೋರು ಮಾಡುತ್ತೇವೆ. ಚೆಂಡು ಸ್ಲೈಸ್ ಆಗಿ ಬಲಗಡೆಯ ಮರದೊಳಗೆ ಹೋಗುತ್ತದೆ.

ಇದೆಲ್ಲ ನಡೆಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಕ್ಲಬ್ಬೂ ಚೆಂಡೂ ತಾಗಿಕೊಂಡಿರುವುದಂತೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ಯೋಚಿಸಿ ಏನನ್ನೂ ಸರಿ ಮಾಡಲಾಗದು. ಮೈ ಮೊದಲೇ ಕಲಿತಿರಬೇಕು.

ಮನೆಯಲ್ಲೇ ಮೂರು ಪರೀಕ್ಷೆ

ವ್ಯಾಯಾಮಕ್ಕೆ ಇಳಿಯುವ ಮುಂಚೆ ನಿಮ್ಮ ಮೈಯಲ್ಲಿ ಯಾವ ಭಾಗ ರಜೆಯಲ್ಲಿದೆ ಅಂತ ನೋಡಿಕೊಳ್ಳಿ.

ಒಂದು, ಮೇಲ್‌ಬೆನ್ನು. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು ಮೊಣಕಾಲುಗಳ ನಡುವೆ ದಿಂಬು ಅದುಮಿಕೊಳ್ಳಿ. ಒಂದು ಕೋಲನ್ನು ಎದೆಯ ಮೇಲೆ ಅಡ್ಡ ಇಟ್ಟು ಎರಡೂ ಕೈ ಕಟ್ಟಿ ಹಿಡಿಯಿರಿ. ದಿಂಬು ಅಲುಗದಂತೆ ಎಡಕ್ಕೂ ಬಲಕ್ಕೂ ತಿರುಗಿ. ಎರಡೂ ಕಡೆ 45 ಡಿಗ್ರಿ, ಅಂದರೆ ನೆಲದ ಟೈಲ್ಸ್‌ನ ಮೂಲೆಯಿಂದ ಮೂಲೆಗೆ ಎಳೆದ ಗೆರೆಯಷ್ಟು ಬಂದರೆ ಸಾಕು. ನನಗೆ ಬಲಕ್ಕೆ 30 ಕೂಡ ಬರುತ್ತಿರಲಿಲ್ಲ.

ಎರಡು, ಸೊಂಟವನ್ನು ಬೇರೆಯಾಗಿ ತಿರುಗಿಸುವುದು. ಗಾಲ್ಫ್ ಭಂಗಿಯಲ್ಲಿ ನಿಂತು ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ಭುಜ ಅಲುಗದಂತೆ ಬೆಲ್ಟಿನ ಬಕಲ್ ಮಾತ್ರ ಎಡಕ್ಕೆ ಬಲಕ್ಕೆ ಆಡಿಸಿ. ಕನ್ನಡಿ ಮುಂದೆ ಮಾಡಿದರೆ ತಮಾಷೆಯಾಗಿ ಕಾಣುತ್ತದೆ, ಬಾಗಿಲು ಹಾಕಿಕೊಳ್ಳಿ. ಭುಜವೂ ಜೊತೆಗೇ ಬಂದರೆ ನಿಮ್ಮ ಮೈ ಒಂದೇ ತುಂಡಾಗಿ ತಿರುಗುತ್ತಿದೆ ಅಂತ ಅರ್ಥ. ಈಗ ಬಾಗಿಲ ಚೌಕಟ್ಟು ಹಿಡಿದು ಮತ್ತೆ ಮಾಡಿ. ಹಿಡಿದಾಗ ಆಗುತ್ತದೆ, ಬಿಟ್ಟಾಗ ಆಗುವುದಿಲ್ಲ ಅಂದರೆ ಕೀಲು ಸರಿಯಾಗಿದೆ, ನಡುವಿಗೆ ಹಿಡಿತವಿಲ್ಲ. ಹಿಡಿದಾಗಲೂ ಆಗದಿದ್ದರೆ ಕೀಲೇ ಬಿಗಿದಿದೆ. ಮೊದಲಿನವರಿಗೆ ಬಲ ಬೇಕು, ಎರಡನೆಯವರಿಗೆ ಮೊದಲು ಸಡಿಲಿಕೆ ಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಜಿಮ್‌ಗೆ ಹೋಗಿ ನಾನು ಮೂರು ತಿಂಗಳು ದಂಡ ಮಾಡಿಕೊಂಡೆ.

ಮೂರು, ಪಿರ್ರೆ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತಿ. ಈಗ ಬಲಗಾಲನ್ನು ನೇರ ಚಾಚಿ 10 ಸೆಕೆಂಡ್ ನಿಲ್ಲಿಸಿ. ಆಮೇಲೆ ಎಡಗಾಲು. ಸೊಂಟ ಒಂದು ಕಡೆ ಕುಸಿದರೆ, ತೊಡೆಯ ಹಿಂಭಾಗ ಹಿಡಿದುಕೊಂಡರೆ, ಅಥವಾ ಕೆಳಬೆನ್ನು ನೋಯತೊಡಗಿದರೆ ಪಿರ್ರೆ ಕೆಲಸ ಮಾಡುತ್ತಿಲ್ಲ.

ಇವುಗಳ ಜೊತೆಗೆ ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲಲ್ಲಿ ಕೂರಲು ಬರುತ್ತದೆಯೇ ಅಂತಲೂ ನೋಡಿ. ನಮ್ಮ ಅಜ್ಜ ಅಜ್ಜಿಯರಿಗೆ ಇದೊಂದು ಪರೀಕ್ಷೆಯೇ ಆಗಿರಲಿಲ್ಲ. ಮನೆಗೆ ಕಮೋಡ್ ಬಂದ ಮೇಲೆ ನಾವು ಕಳೆದುಕೊಂಡ ಚಳಕ ಇದು.

ನಿಲ್ಲುವುದು: ಅರ್ಧ ಕೆಲಸ ಇಲ್ಲೇ

ಕ್ಲಬ್ಬನ್ನು ಬೆನ್ನಿನುದ್ದಕ್ಕೂ ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗ, ಮೇಲ್‌ಬೆನ್ನು, ಬಾಲಮೂಳೆ, ಮೂರು ಕಡೆ ತಾಗಿರಲಿ. ಈಗ ಮೂರೂ ಬಿಡದಂತೆ ಮುಂದಕ್ಕೆ ಬಾಗಿ. ಬಾಗುವುದು ಹೊಟ್ಟೆಯ ಹತ್ತಿರ ಅಲ್ಲ, ತೊಡೆಯ ಕೀಲಿನಲ್ಲಿ. ಎರಡೂ ಕೈಯಲ್ಲಿ ಸಾಮಾನು ಹಿಡಿದು ಬಂದಾಗ ಬಾಗಿಲನ್ನು ಹಿಂಭಾಗದಿಂದ ತಳ್ಳುತ್ತೇವಲ್ಲ, ಅದೇ ಚಲನೆ. ಮೊಣಕಾಲಿನ ಬಿಗಿ ಬಿಡಿ, ಅಷ್ಟೇ ಸಾಕು, ಕೂರಬೇಡಿ. ಭಾರ ಪಾದದ ನಡುವಿನಲ್ಲಿ ಇರಲಿ. ಬೆರಳೂ ಬೇಡ, ಹಿಮ್ಮಡಿಯೂ ಬೇಡ.

ಇಲ್ಲಿ ಎರಡು ತಪ್ಪು ಆಗುತ್ತದೆ. ಕೆಲವರು ಗೂನು ಬೆನ್ನು ಮಾಡಿ ಚೆಂಡಿನ ಮೇಲೆ ಬೀಳುತ್ತಾರೆ, ಮೇಲ್‌ಬೆನ್ನು ಅಲ್ಲಿಗೇ ಬೀಗ ಹಾಕಿಕೊಳ್ಳುತ್ತದೆ. ಇನ್ನು ಕೆಲವರು ಟಿವಿಯಲ್ಲಿ ನೋಡಿ ಎದೆ ಉಬ್ಬಿಸಿ ಕೆಳಬೆನ್ನನ್ನು ಒಳಕ್ಕೆ ತಗ್ಗಿಸುತ್ತಾರೆ. ನೋಡಲು ಕ್ರೀಡಾಪಟುವಿನಂತೆ ಕಾಣುತ್ತದೆ, ಆದರೆ ಹೊಟ್ಟೆಯ ಸ್ನಾಯುಗಳು ಸಡಿಲವಾಗಿ ಬಿಡುತ್ತವೆ. ನನ್ನದು ಈ ಎರಡನೇ ಜಾತಿ.

ನಡುವನ್ನು ಬಿಗಿ ಮಾಡುವುದು ಹೇಗೆ? ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಒಮ್ಮೆ ಸಣ್ಣಗೆ ಕೆಮ್ಮಿ. ಸುತ್ತಲೂ ಏನೋ ಗಟ್ಟಿಯಾಯಿತು, ಅಲ್ವಾ? ಅದರ ಕಾಲು ಭಾಗ ಉಳಿಸಿಕೊಂಡರೆ ಸಾಕು. ಪೂರ್ತಿ ಬಿಗಿದರೆ ತಿರುಗಲು ಆಗುವುದಿಲ್ಲ, ಉಸಿರೂ ಕಟ್ಟುತ್ತದೆ.

ತೊಡೆಯ ಕೀಲು ಬಿಗಿದಿರುವವರು ಎಡಪಾದದ ಬೆರಳುಗಳನ್ನು ಗುರಿಯ ಕಡೆಗೆ ಸ್ವಲ್ಪ ತೆರೆದು ನಿಲ್ಲಿ. ಡೌನ್‌ಸ್ವಿಂಗ್‌ನಲ್ಲಿ ಸೊಂಟ ತಿರುಗಲು ಜಾಗ ಸಿಗುತ್ತದೆ, ಎಡ ಮೊಣಕಾಲಿಗೂ ಆರಾಮ.

ಹಿಂದಕ್ಕೆ ತಿರುಗುವುದು, ಮುಂದಕ್ಕೆ ಬಿಚ್ಚುವುದು

ಬ್ಯಾಕ್‌ಸ್ವಿಂಗ್‌ನಲ್ಲಿ ಒಂದೇ ವಿಷಯ ನೆನಪಿಡಿ: ಬಲಗಡೆಯ ಪ್ಯಾಂಟಿನ ಹಿಂಜೇಬು ಹಿಂದಕ್ಕೆ ಹೋಗಬೇಕು, ಪಕ್ಕಕ್ಕೆ ಅಲ್ಲ. ಪಕ್ಕಕ್ಕೆ ಸರಿಯುವ ಚಾಳಿ ಇದ್ದರೆ ಗಾಲ್ಫ್ ಬ್ಯಾಗನ್ನು ಬಲ ಸೊಂಟದ ಹೊರಗೆ ಎರಡು ಬೆರಳು ಅಂತರದಲ್ಲಿ ನಿಲ್ಲಿಸಿ. ಅದಕ್ಕೆ ತಾಗದಂತೆ ತಿರುಗಿ. ಭುಜ 90 ಡಿಗ್ರಿ ಬರದಿದ್ದರೆ ಬಲವಂತ ಮಾಡಬೇಡಿ. ಎಡ ಹಿಮ್ಮಡಿಯನ್ನು ಸ್ವಲ್ಪ ಎತ್ತಿ. ಹಳೇ ಕಾಲದ ದೊಡ್ಡ ಆಟಗಾರರು, ಜ್ಯಾಕ್ ನಿಕ್ಲಸ್ ಕೂಡ, ಹಿಮ್ಮಡಿ ಎತ್ತಿಯೇ ಆಡಿದರು. ನಿಕ್ಲಸ್ 18 ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳನ್ನು, ಗೆದ್ದರು. ಸೊಂಟವನ್ನು ಗೂಟಕ್ಕೆ ಕಟ್ಟಿದಂತೆ ನಿಲ್ಲಿಸಿ ಭುಜ ಮಾತ್ರ ತಿರುಗಿಸಿ ಅನ್ನುವ ಸಲಹೆ ಬಿಲ್ಲಿನಂಥ ಮೈಯಿರುವ ಇಪ್ಪತ್ತರ ಹುಡುಗರಿಗೆ. ನಮಗಲ್ಲ.

ಮೇಲಿಂದ ಕೆಳಕ್ಕೆ ತಿರುಗುವ ಆ ಗಳಿಗೆಯೇ ಸ್ವಿಂಗ್‌ನ ಜೀವ. ಒದ್ದೆ ಪಂಚೆ ಹಿಂಡುವುದನ್ನು ನೆನಪಿಸಿಕೊಳ್ಳಿ. ಒಂದು ತುದಿ ಒಂದು ಕಡೆ, ಇನ್ನೊಂದು ತುದಿ ಇನ್ನೊಂದು ಕಡೆ. ಕೈ ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಪಾದ ನೆಲವನ್ನು ಒತ್ತಬೇಕು, ಸೊಂಟ ಗುರಿಯ ಕಡೆ ಬಿಚ್ಚಲು ಶುರುವಾಗಬೇಕು. ಆ ಅರೆಗಳಿಗೆಯಲ್ಲಿ ಓರೆ ಸ್ನಾಯುಗಳು ರಬ್ಬರಿನಂತೆ ಹಿಗ್ಗುತ್ತವೆ, ಹಿಗ್ಗಿದ್ದು ಜೋರಾಗಿ ವಾಪಸ್ ಬರುತ್ತದೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೇಲೆ ಹೋದ ತಕ್ಷಣ ಬಲ ಭುಜದಿಂದ ಚೆಂಡಿನ ಮೇಲೆ ಎರಗುತ್ತಾರೆ.

ಇದನ್ನು ಮೈಗೆ ಕಲಿಸಲು ನನಗೆ ಕೆಲಸಕ್ಕೆ ಬಂದದ್ದು ಒಂದೇ ಅಭ್ಯಾಸ. 7 ಐರನ್ (ಮಧ್ಯಮ ದೂರದ ಕ್ಲಬ್) ತೆಗೆದುಕೊಂಡು ಎರಡೂ ಪಾದ ಜೋಡಿಸಿ ನಿಲ್ಲಿ. ಬ್ಯಾಕ್‌ಸ್ವಿಂಗ್ ಶುರು ಮಾಡಿ. ಕೈ ಎದೆಯ ಮಟ್ಟ ದಾಟುತ್ತಿದ್ದಂತೆ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಡಿ, ಆಮೇಲೆ ಹೊಡೆಯಿರಿ. ಕ್ರಿಕೆಟ್‌ನಲ್ಲಿ ಮುಂಗಾಲು ಹಾಕಿ ಡ್ರೈವ್ ಮಾಡಿದವರಿಗೆ ಇದು ಹತ್ತು ನಿಮಿಷದಲ್ಲಿ ಬರುತ್ತದೆ. ಮೊದಲು ಚೆಂಡಿಲ್ಲದೆ 20 ಸಲ ಮಾಡಿ.

ಇನ್ನೊಂದು ರೋಗ ಅಂದರೆ ಚೆಂಡಿನ ಹತ್ತಿರ ಬರುವಾಗ ಸೊಂಟ ಮುಂದಕ್ಕೆ ನುಗ್ಗಿ ಬೆನ್ನು ಎದ್ದು ನಿಲ್ಲುವುದು. ಕೋಚ್‌ಗಳು ಇದಕ್ಕೆ ಅರ್ಲಿ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಮೇಲೆ ಹೇಳಿದ ಪಿರ್ರೆ ಪರೀಕ್ಷೆ ಅಥವಾ ಕುಕ್ಕರಗಾಲು ಪರೀಕ್ಷೆಯಲ್ಲಿ ಸೋತವರಲ್ಲಿ ಇದು ಜಾಸ್ತಿ ಕಾಣುತ್ತದೆ. ಮನೆಯ ಗೋಡೆಗೆ ಪಿರ್ರೆ ತಾಗಿಸಿ, ಕ್ಲಬ್ ಇಲ್ಲದೆ ಕೈ ಕಟ್ಟಿ ನಿಂತು ಅಭ್ಯಾಸ ಮಾಡಿ. ಹಿಂದಕ್ಕೆ ತಿರುಗುವಾಗ ಬಲಭಾಗ ಗೋಡೆಗೆ ಒತ್ತಿರಲಿ, ಮುಂದಕ್ಕೆ ಬರುವಾಗ ಎಡಭಾಗ. ಎರಡೂ ಬಿಟ್ಟು ಗಾಳಿಯಲ್ಲಿದ್ದರೆ ಸೊಂಟ ನುಗ್ಗಿದೆ ಅಂತಲೇ. ಹಲ್ಲುಜ್ಜುವ ಮುಂಚೆ ದಿನಾ 15 ಸಲ ಮಾಡಿದೆ. ಎರಡು ತಿಂಗಳಲ್ಲಿ ಚೆಂಡಿನ ತಲೆ ಸವರುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಹೊಡೆಯುವಾಗ ಉಸಿರು ಬಿಡಿ. ಸೌದೆ ಒಡೆಯುವವರು ಕೊಡಲಿ ಬೀಳುವಾಗ "ಹ್ಹಾ" ಅನ್ನುತ್ತಾರಲ್ಲ, ಅವರಿಗೆ ಯಾವ ಕೋಚ್ ಹೇಳಿಕೊಟ್ಟಿದ್ದು? ಮುಗಿದ ಮೇಲೆ ಪೂರ್ತಿ ಭಾರ ಎಡಗಾಲಿನ ಮೇಲೆ, ಬಕಲ್ ಗುರಿಯ ಕಡೆ, ಬೆನ್ನು ನೆಟ್ಟಗೆ. ಮೂರು ಎಣಿಸುವವರೆಗೆ ನಿಲ್ಲಿ. ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮುಗಿಸುವುದು 1970ರ ದಶಕದ ಶೈಲಿ. ಫೋಟೋದಲ್ಲಿ ಚೆಂದ, ಬೆನ್ನಿಗೆ ಕೆಟ್ಟದ್ದು.

ನಡುವಿಗೆ ಬಲ

ನೂರಾರು ಸಿಟ್‌ಅಪ್ ಹೊಡೆಯುವುದನ್ನು ನಾನು ನಿಲ್ಲಿಸಿದ್ದೇನೆ. ಕೂತು ತೂಕ ಹಿಡಿದು ಎಡ–ಬಲ ತಿರುಚುವುದನ್ನೂ. ಬೆನ್ನನ್ನು ಮತ್ತೆ ಮತ್ತೆ ಬಾಗಿಸುವುದು, ಬಾಗಿಸಿ ತಿರುಚುವುದು, ಇವೇ ಡಿಸ್ಕ್‌ಗೆ (ಬೆನ್ನುಮೂಳೆಗಳ ನಡುವಿನ ಮೆತ್ತೆಗೆ) ಆಗದ ಕೆಲಸಗಳು. ಗಾಲ್ಫ್‌ನಲ್ಲಿ ಅದು ಹೇಗೂ ಸಾಕಷ್ಟು ಆಗುತ್ತದೆ. ಮನೆಯಲ್ಲಿ ಅದರ ವಿರುದ್ಧ ನಿಲ್ಲುವುದನ್ನು ಕಲಿಸಬೇಕು.

ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಗಿಲ್ ಅವರ ಮೂರು ವ್ಯಾಯಾಮ ಪ್ರಪಂಚದಾದ್ಯಂತ ಫಿಸಿಯೋಗಳ ಬಾಯಲ್ಲಿದೆ. ಅವುಗಳಲ್ಲಿ ಎರಡು ನನ್ನ ದಿನಚರಿ. ಮೊದಲನೆಯದು ಬರ್ಡ್ ಡಾಗ್. ಅಂಬೆಗಾಲಿನಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 8–10 ಸೆಕೆಂಡ್ ನಿಲ್ಲಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು. ಪ್ರತಿ ಕಡೆಗೂ ಆರು ಸಲ. ಎರಡನೆಯದು ಸೈಡ್ ಪ್ಲ್ಯಾಂಕ್. ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತುವುದು. ಆಗದಿದ್ದರೆ ಮೊಣಕಾಲು ಮಡಚಿ ಮಾಡಿ, ನಾಚಿಕೆ ಬೇಡ. ಎರಡು ಕಡೆಯಲ್ಲಿ ಒಂದು ಬಹಳ ಸೋಲುತ್ತಿದ್ದರೆ ಅದಕ್ಕೆ ಒಂದು ಸುತ್ತು ಜಾಸ್ತಿ ಕೊಡಿ.

ಗಾಲ್ಫ್‌ಗೆ ಅತಿ ಹತ್ತಿರದ್ದು ಪ್ಯಾಲಫ್ ಪ್ರೆಸ್. ಎಲಾಸ್ಟಿಕ್ ಬ್ಯಾಂಡ್ ಒಂದನ್ನು ಕಿಟಕಿಯ ಸರಳಿಗೆ ಎದೆಯ ಮಟ್ಟದಲ್ಲಿ ಕಟ್ಟಿ. ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ನಿಂತು, ಬ್ಯಾಂಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ನಿಧಾನವಾಗಿ ಮುಂದಕ್ಕೆ ಚಾಚಿ. ಬ್ಯಾಂಡ್ ನಿಮ್ಮನ್ನು ಕಿಟಕಿಯ ಕಡೆ ತಿರುಗಿಸಲು ನೋಡುತ್ತದೆ. ತಿರುಗಬೇಡಿ. ಅಷ್ಟೇ ವ್ಯಾಯಾಮ. ಪ್ರತಿ ಕಡೆಗೂ ಹತ್ತು ಸಲ. ನೋಡುವವರಿಗೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ, ಐದನೆಯದಕ್ಕೆ ನಿಮಗೆ ಗೊತ್ತಾಗುತ್ತದೆ.

ಪಿರ್ರೆಗೆ ಮೇಲಿನ ಸೊಂಟ ಎತ್ತುವ ಪರೀಕ್ಷೆಯೇ ವ್ಯಾಯಾಮವೂ ಆಗುತ್ತದೆ. ಜೊತೆಗೆ ಬಸ್ಕಿ. ಮೇಲ್‌ಬೆನ್ನಿಗೆ: ಪಕ್ಕಕ್ಕೆ ಮಲಗಿ, ಮೊಣಕಾಲು ಎರಡೂ ಮಡಚಿ ಒಂದರ ಮೇಲೊಂದು ಇಟ್ಟು, ಮೇಲಿನ ಕೈಯನ್ನು ಪುಸ್ತಕ ತೆರೆದಂತೆ ಹಿಂದಕ್ಕೆ ತೆರೆಯಿರಿ. ಕಣ್ಣು ಕೈಯ ಜೊತೆ ಹೋಗಲಿ, ಉಸಿರು ಬಿಡುತ್ತಾ. ಪ್ರತಿ ಕಡೆಗೂ ಎಂಟು ಸಲ.

ಇದೆಲ್ಲ 20 ನಿಮಿಷದ ಕೆಲಸ, ವಾರಕ್ಕೆ ಮೂರು ದಿನ. ಆರು ವಾರ ಆದ ಮೇಲೆ ವೇಗದ ಕೆಲಸ ಸೇರಿಸಬಹುದು. ಎರಡು ಮೂರು ಕೆಜಿಯ ಮೆಡಿಸಿನ್ ಬಾಲನ್ನು ಪಕ್ಕದಿಂದ ಗೋಡೆಗೆ ಎಸೆಯುವುದು, ಸೊಂಟ ಮೊದಲು, ಕೈ ಕೊನೆಗೆ. ಅಪಾರ್ಟ್‌ಮೆಂಟಿನಲ್ಲಿ ಮಾಡಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಅನುಭವದ ಮಾತು. ಮೈಸೂರಿನ ಕಡೆಯವರಾದರೆ ಹತ್ತಿರದ ಗರಡಿಮನೆಯಲ್ಲಿ ಗದೆ ತಿರುಗಿಸುವುದನ್ನು ನೋಡಿ ಬನ್ನಿ. ಉದ್ದನೆಯ ಹಿಡಿ, ತುದಿಯಲ್ಲಿ ಭಾರ, ನಡು ಗಟ್ಟಿಯಿಲ್ಲದಿದ್ದರೆ ಅದೇ ನಮ್ಮನ್ನು ತಿರುಗಿಸುತ್ತದೆ. ಡ್ರೈವರ್ ಕೂಡ ಅಂಥದ್ದೇ ಅಲ್ವಾ? ಕಲಿಯುವುದಾದರೆ ಉಸ್ತಾದರ ಕಣ್ಣೆದುರು, ಹಗುರದ್ದರಿಂದ.

ಬಲ ಬಂತು ಅಂದ ಕೂಡಲೇ ಎಲ್ಲರೂ ಚೆಂಡನ್ನು ದೂರ ಹೊಡೆಯುವ ಹುಚ್ಚಿಗೆ ಬೀಳುತ್ತಾರೆ. ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೊ ಮೈ ಬೆಳೆಸಿ 2020ರ ಯುಎಸ್ ಓಪನ್ ಗೆದ್ದದ್ದು ನಿಜ. ಆದರೆ ಅವರಿಗೆ ಅದೇ ಕಸುಬು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅವರು ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ, ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟಿಂಗ್‌ಗೆ ಹೆಸರಾದವರು. ಇನ್ನೊಂದು ಕಡೆ ಟೈಗರ್ ವುಡ್ಸ್. 2014ರಿಂದ ಶುರುವಾದ ಬೆನ್ನಿನ ಆಪರೇಷನ್‌ಗಳು 2017ರಲ್ಲಿ ಕೆಳಬೆನ್ನಿನ ಮೂಳೆಗಳನ್ನು ಬೆಸೆಯುವ ಹಂತಕ್ಕೆ ಹೋದವು. 2019ರಲ್ಲಿ ಅವರು ಮಾಸ್ಟರ್ಸ್ ಟೂರ್ನಿ ಗೆದ್ದರು ಅನ್ನುವುದು ಎಲ್ಲರಿಗೂ ನೆನಪಿದೆ. ಅದಕ್ಕೂ ಮುಂಚೆ ನೋವಿನಲ್ಲಿ ಕಳೆದ ವರ್ಷಗಳು ನೆನಪಿಲ್ಲ.

ಆಟದ ದಿನ ಬೆಳಗ್ಗೆ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರುವುದು ಇದಕ್ಕೇ. ಉಬ್ಬಿದ ಡಿಸ್ಕ್ ಬಾಗುವುದನ್ನು, ತಿರುಚುವುದನ್ನು ಚೆನ್ನಾಗಿ ತಾಳುವುದಿಲ್ಲ. ಈಗ ನಮ್ಮ ವಾರಾಂತ್ಯ ನೋಡಿ. ಬಿಸಿಲು ಏರುವ ಮುಂಚೆ ಆಡಬೇಕು ಅಂತ 6:15ಕ್ಕೆ ಟೀ ಟೈಮ್, ಅಂದರೆ ಆಟ ಶುರು ಮಾಡುವ ಹೊತ್ತು. 5:15ಕ್ಕೆ ಏಳುವುದು, ಅರ್ಧ ಗಂಟೆ ಕಾರಿನಲ್ಲಿ ಮುದುರಿ ಕೂರುವುದು, ಇಳಿದವರೇ ಡ್ರೈವರ್ ತೆಗೆದು ಬೀಸುವುದು. ಇದಕ್ಕಿಂತ ಕೆಟ್ಟ ಕ್ರಮ ಬೇಕಂತಲೇ ಹುಡುಕಿದರೂ ಸಿಗದು.

ಇನ್ನೊಂದರ್ಧ ಗಂಟೆ ಮುಂಚೆ ಏಳಿ. ಮನೆಯಲ್ಲಿ ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ಬೇಡ, ಸುಮ್ನೆ ಓಡಾಡಿ. ಸಾಕ್ಸ್, ಶೂ ಕುರ್ಚಿಯಲ್ಲಿ ಕೂತು ಹಾಕಿಕೊಳ್ಳಿ. ಕೋರ್ಸ್ ತಲುಪಿದ ಮೇಲೆ ಐದು ನಿಮಿಷ ಬಿರುಸಾಗಿ ನಡೆಯಿರಿ. ಕ್ಲಬ್ ಊರುಗೋಲಾಗಿ ಹಿಡಿದು ಒಂದೊಂದು ಕಾಲನ್ನೂ ಗಡಿಯಾರದ ಲೋಲಕದಂತೆ ಹತ್ತು ಸಲ ಆಡಿಸಿ. ಹತ್ತು ಅರ್ಧ ಬಸ್ಕಿ. ಕ್ಲಬ್ಬನ್ನು ಭುಜದ ಮೇಲೆ ಅಡ್ಡ ಇಟ್ಟು ನಿಧಾನವಾಗಿ ತಿರುಗಿ, ಪ್ರತಿ ಸಲ ಸ್ವಲ್ಪ ಜಾಸ್ತಿ. ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಎಳೆದು ನಿಲ್ಲುವ ಸ್ಟ್ರೆಚಿಂಗ್ ಆಟದ ನಂತರಕ್ಕೆ ಇರಲಿ. ಆಮೇಲೆ ವೆಜ್‌ನಿಂದ (ಹತ್ತಿರದ ಹೊಡೆತದ ಕ್ಲಬ್) ಅರ್ಧ ಸ್ವಿಂಗ್, 7 ಐರನ್, ಕೊನೆಗೆ ಡ್ರೈವರ್. ಎಡಗೈ ಆಟಗಾರರಂತೆ ಉಲ್ಟಾ ದಿಕ್ಕಿಗೆ ಐದಾರು ಖಾಲಿ ಸ್ವಿಂಗ್ ಕೂಡ ಮಾಡಿ. ಇಡೀ ದಿನ ಒಂದೇ ಕಡೆ ತಿರುಚುವ ಮೈಗೆ ಅದು ಹಿತ.

ರೇಂಜ್‌ನಲ್ಲಿ ನನ್ನ ಲೆಕ್ಕ ಈಗ 50 ಚೆಂಡು, ಅದರಲ್ಲಿ ಡ್ರೈವರ್ 10. ಪ್ರತಿ ಹತ್ತಕ್ಕೆ ಒಂದು ಸಣ್ಣ ಓಡಾಟ.

ಕೊನೆಯದಾಗಿ, ಬ್ಯಾಗ್. 18 ಹೋಲ್ ಸರಿಯಾಗಿ ಆಡಿ, ಕಾರಿನ ಡಿಕ್ಕಿಗೆ ಬ್ಯಾಗ್ ಎತ್ತಿ ಹಾಕುವಾಗ ಬೆನ್ನು ಹಿಡಿಸಿಕೊಂಡವರನ್ನು ನಾನು ಕಂಡಿದ್ದೇನೆ. ದಣಿದ ಮೈ, ಸುಮಾರು ಹತ್ತು ಕೆಜಿ ಭಾರ, ಬಾಗಿ ತಿರುಗುವ ಚಲನೆ. ಬ್ಯಾಗಿಗೆ ಎದುರಾಗಿ ನಿಂತು, ಮೈಗೆ ಅಂಟಿಸಿಕೊಂಡು, ತೊಡೆಯ ಕೀಲಿನಲ್ಲಿ ಬಾಗಿ ಎತ್ತಿ. ಡಿಕ್ಕಿಯ ಕಡೆ ತಿರುಗುವುದು ಪಾದ ಎತ್ತಿಟ್ಟು. ಇಲ್ಲವೇ ಕ್ಯಾಡಿಗೆ ಹೇಳಿ, ಅವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.